ಕಂಪ್ಯೂಟರಿನಲ್ಲಿ ಇಲ್ಲದ ಗಾಡಿದಾರಿ

ಕಳೆದ ತಿಂಗಳು ಕಾಗವಾಡದಿಂದ ಜುಗೂಳಕ್ಕೆ ಹೋಗುವಾಗ ಕಾರಿನ ಕಿಟಕಿಯಿಂದ ಸುಟ್ಟ ಕಬ್ಬಿನ ವಾಸನೆ ಬಂತು. ಎಲ್ಲೋ ಒಂದು ಹೊಲಕ್ಕೆ ಬೆಂಕಿ ಬಿದ್ದಿತ್ತು. ಡ್ರೈವರ್ ಮೂಗರಳಿಸಿ, "ಏನ್ ಮಸ್ತ್ ವಾಸನಿ ಬರಾಕತ್ತೈತ್ರಿ ಬಾಯಾರ, ಬೆಲ್ಲದ ಪಾಕ ತಳಾ ಹತ್ತಿದಂಗ" ಎಂದ. ನನಗೆ ಮೈ ಉರಿಯಿತು. "ಕಿಟಕಿ ಏರಸಪ್ಪಾ" ಎಂದೆ. ಪಾಪ, ಅವನದೇನೂ ತಪ್ಪಿಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ಒಂದು ಹಂಗಾಮು, ಒಂದು ಕಂಪ್ಯೂಟರು ಮತ್ತು ಪುಣೆಯ ಒಬ್ಬ ಜೋಶಿ ನೆನಪಾಗಿ, ಇಷ್ಟು ವರ್ಷಗಳ ಮೇಲೂ ಸಿಟ್ಟು ನೆತ್ತಿಗೇರುತ್ತದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ, ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮೊಂದರ ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಆರು ತಿಂಗಳು ಸೀನುತ್ತಾ ಹೋಗಿಬಂದಿದ್ದೆ. ಅದೇ ದೊಡ್ಡ ವಿದ್ಯೆಯೆಂದು ಕೃಷ್ಣೆಯ ದಂಡೆಯ ಕಡೆಯ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಜುಗೂಳದಲ್ಲಿ ನನ್ನ ಚಿಗವ್ವನ, ಎಂದರೆ ಅವ್ವನ ತಂಗಿ ಗಂಗವ್ವನ, ಮನೆಯಿತ್ತು. ಚಿಗಪ್ಪ ಬಸ್ ಕಂಡಕ್ಟರ್. ವಾರಕ್ಕೊಮ್ಮೆ ಬಂದು ಬಟ್ಟೆ ಬದಲಿಸಿ ಹೋಗುವವನು. ಹೊಲ, ಎಮ್ಮೆ, ನದಿಯ ಮೋಟಾರು ಎಲ್ಲವೂ ಚಿಗವ್ವನ ಕೈಯಲ್ಲಿ. ನಾನು ಅವಳ ಮನೆಯಲ್ಲೇ ಉಳಿದು ದಿನಾ ಬಸ್ಸಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದೆ.

ಕಾರ್ಖಾನೆಯಲ್ಲಿ ಕಬ್ಬಿನ ವಿಭಾಗಕ್ಕೆ ಶೇತಕಿ ಆಫೀಸು ಎಂದು ಹೆಸರು. ಯಾರ ಹೊಲ ಯಾವಾಗ ಕಡಿಯಬೇಕು ಎಂಬುದನ್ನು ಅಲ್ಲಿ ಗೊತ್ತುಮಾಡುತ್ತಿದ್ದರು. ಪಾಳಿ ಬಂದವರಿಗೆ ಕಟಾವಿನ ಚೀಟಿ ಹೋಗುತ್ತಿತ್ತು. ಚೀಟಿ ಹೋದರೆ ಕಡಿಯುವವರ ಟೋಳಿ ಹೊಲಕ್ಕೆ ಬರುತ್ತಿತ್ತು. ಚೀಟಿ ಇಲ್ಲದ ಕಬ್ಬನ್ನು ತೂಕದ ಕಾಟಾದ ಮೇಲೆ ಏರಿಸುತ್ತಿರಲಿಲ್ಲ. ಅಲ್ಲಿಯವರೆಗೆ ಜುಗೂಳದ ಚೀಟಿಯೆಲ್ಲ ಮಾರುತಿಯ ಕಿಸೆಯಲ್ಲಿ. ವಯಸ್ಸು ಐವತ್ತಾಗಿದ್ದರೂ ಹುದ್ದೆಯ ಹೆಸರು ಚಿಟ್‌ಬಾಯ್. ಯಾರು ಕೋಳಿ ಸಾರು ಉಣಿಸಿದರೋ ಅವರ ಕಬ್ಬು ಮೊದಲು, ಯಾರು ಬರೀ ಚಹಾದ ಮೇಲೆ ಕಳಿಸಿದರೋ ಅವರದು ನಂತರ. ಊರೆಲ್ಲ ಅವನನ್ನು ಬೈಯುತ್ತಿತ್ತು, ಊರೆಲ್ಲ ಅವನಿಗೆ ಊಟ ಹಾಕುತ್ತಿತ್ತು.

ಆ ವರ್ಷ ಚೇರಮನ್ನರು ಕಂಪ್ಯೂಟರ್ ತರಿಸಿದರು. ಕಾರ್ಖಾನೆಯ ಅಂಗಳದಲ್ಲಿ ಪೆಂಡಾಲ್ ಹಾಕಿ, "ಇನ್ನ ಮ್ಯಾಲ ವಶೀಲಿ ಬಂದ್! ಲಾವಣಿ ತಾರೀಖು, ಅಂದ್ರ ನಾಟಿ ತಾರೀಖು, ಒಂದ ನೋಡತೈತಿ ಇದು. ಮೊದಲ ನಾಟಿ ಮಾಡಿದಾಂವಗ ಮೊದಲ ಚೀಟಿ. ಅದಕ್ಕ ಕಾಕಾ ಇಲ್ಲ, ಮಾಮಾ ಇಲ್ಲ!" ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾರುತಿಯೊಬ್ಬ ಹಿಂದೆ ನಿಂತು ತಲೆ ಕೆರೆದುಕೊಂಡ.

ಕಂಪ್ಯೂಟರಿಗೆ ಒಂದು ತಣ್ಣನೆಯ ಕೋಣೆ, ಬಾಗಿಲಿಗೆ ಪರದೆ, ಹೊರಗೆ ಚಪ್ಪಲಿ ಬಿಡಬೇಕೆಂಬ ಬೋರ್ಡು. ಒಳಗೆ ನಾನು ಸ್ವೆಟರ್ ಹಾಕಿಕೊಂಡು ಕೂರಬೇಕು. ಚೇರಮನ್ನರ ಬೀಗರು ಬಂದರೆ ಮೊದಲು ಈ ಕೋಣೆಗೇ ಕರೆತರುತ್ತಿದ್ದರು. ಅವರು ಬೆವರು ಆರಿಸಿಕೊಂಡು, ಕಂಪ್ಯೂಟರಿನ ಪರದೆಯ ಹಸಿರು ಅಕ್ಷರಗಳನ್ನು ನೋಡಿ "ವ್ಹಾ" ಎಂದು ಹೋಗುತ್ತಿದ್ದರು. ಕರೆಂಟು ಹೋದರೆ ನಾನು ಟೈಪ್ ಮಾಡಿದ್ದೂ ಅದರ ಜೊತೆಗೇ ಹೋಗುತ್ತಿತ್ತು. ಇದನ್ನು ಕಟ್ಟಿಕೊಟ್ಟ ಪುಣೆಯ ಜೋಶಿ ಎಲ್ಲ ಪ್ರಶ್ನೆಗೂ ಮರಾಠಿಯಲ್ಲಿ "ಹೋಯೀಲ, ಹೋಯೀಲ" ಎನ್ನುತ್ತಿದ್ದ, ಆಗುತ್ತದೆ, ಆಗುತ್ತದೆ ಎಂದು. ಅವನು ಜುಗೂಳ ನೋಡಿರಲಿಲ್ಲ, ಕಬ್ಬಿನ ಹೊಲದೊಳಗೆ ಕಾಲಿಟ್ಟಿದ್ದನೋ ಇಲ್ಲವೋ ದೇವರಿಗೇ ಗೊತ್ತು.

ಜುಗೂಳದ ಹೊಲಗಳ ಬಗ್ಗೆ ಇಲ್ಲೇ ಹೇಳಬೇಕು. ರಸ್ತೆಯಿಂದ ನದಿಯವರೆಗೆ ಹೊಲಗಳು ಒಂದರ ಹಿಂದೆ ಒಂದು. ರಸ್ತೆಗೆ ಹತ್ತಿದ ಹೊಲದವನಿಗೆ ಮಾತ್ರ ದಾರಿ. ಹಿಂದಿನ ಹೊಲದ ಕಬ್ಬು ಹೊರಗೆ ಬರಬೇಕಾದರೆ ಮುಂದಿನವನ ಹೊಲದಲ್ಲೇ ಗಾಡಿ ಹಾಯಬೇಕು. ಮುಂದಿನವನ ಕಬ್ಬು ನಿಂತಿದ್ದರೆ? ಅದಕ್ಕೆ ಊರಲ್ಲೊಂದು ರೂಢಿ. ಮುಂದಿನವನು ಬದುವಿನ ಗುಂಟ ಗಾಡಿ ಅಗಲದಷ್ಟು ಕಬ್ಬು ಮೊದಲು ಕಡಿಸಿ ದಾರಿ ಬಿಡುತ್ತಾನೆ. ಇಬ್ಬರಿಗೂ ಜೋಡಿ ಚೀಟಿ ಬರುತ್ತದೆ. ಟೋಳಿ ಒಂದೇ, ಗಾಡಿ ಒಂದೇ. ಕೋಳಿ ತಿನ್ನುವ ಮಾರುತಿಗೂ ಇದು ಗೊತ್ತಿತ್ತು. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಯಾರೂ ಬರೆದಿಡುವುದಿಲ್ಲವಲ್ಲ, ಹಾಗೆ ಇದನ್ನೂ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಹೀಗಾಗಿ ಜೋಶಿಗೆ ಗೊತ್ತಾಗಲಿಲ್ಲ.

ಚಿಗವ್ವನ ಮೂರು ಎಕರೆ ಹಿಂದೆ, ನದಿಯ ಕಡೆ. ಮುಂದಿನದು ನೇಮಣ್ಣ ಕಾಕಾನ ಹೊಲ. ನೇಮಣ್ಣ ಕಾಕಾ ಜೈನರು, ಗಟ್ಟಿ ವ್ರತದ ಮನುಷ್ಯ. ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಒಣ ಸೋಗೆ ಬೀಳುತ್ತದೆ, ನಮ್ಮ ಕಡೆ ರವದಿ ಎನ್ನುತ್ತಾರೆ; ಎಲ್ಲರೂ ಅದಕ್ಕೆ ಕಡ್ಡಿ ಗೀರಿ ಅರ್ಧ ತಾಸಿನಲ್ಲಿ ಹೊಲ ಸ್ವಚ್ಛ ಮಾಡಿದರೆ, ಇವರು ಆಳು ಹಚ್ಚಿ ಕೈಯಿಂದ ಆಯಿಸುತ್ತಿದ್ದರು. ಹುಳ ಸಾಯುತ್ತವೆ ಎಂದು. ಊರವರು ನಗುತ್ತಿದ್ದರು. ನೇಮಣ್ಣ ಕಾಕಾನೂ ನಗುತ್ತಿದ್ದರು, ರವದಿ ಮಾತ್ರ ಸುಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಪ್ರಿಂಟರು ಕಿರ್ರೆಂದು ಮೊದಲ ಪಟ್ಟಿ ಹೊರಹಾಕಿತು. ಚಿಗವ್ವ ನೇಮಣ್ಣ ಕಾಕಾನಿಗಿಂತ ಎರಡು ತಿಂಗಳು ಮೊದಲೇ ನಾಟಿ ಮಾಡಿದ್ದಳು. ಚೀಟಿ ಅವಳಿಗೊಂದೇ ಬಂತು. ಅವಳ ಹಿಗ್ಗು ಕೇಳಬೇಡಿ. "ಈ ಸಲ ಮಾರುತಿಗ ಒಂದ ತತ್ತೀನೂ ಹಾಕಿಲ್ಲ, ನೋಡ ಶೋಭಿ" ಎಂದು ಓಣಿಯಲ್ಲೆಲ್ಲ ತೋರಿಸಿದಳು. ನನ್ನ ಕಂಪ್ಯೂಟರೇ ಕೊಟ್ಟದ್ದೆಂದು ನಾನೂ ಎದೆಯುಬ್ಬಿಸಿದೆ.

ಮರುದಿನ ನದಿಯ ಮಂಜು ಇನ್ನೂ ಆರಿರಲಿಲ್ಲ, ಟೋಳಿ ಬಂತು. ಹೆಂಗಸರು, ಗಂಡಸರು, ಎತ್ತಿನ ಗಾಡಿಗಳು. ನೇಮಣ್ಣ ಕಾಕಾನ ಕಬ್ಬು ಗೋಡೆಯ ಹಾಗೆ ನಿಂತಿತ್ತು. ಕಾಕಾ ತಾವೇ ಬಂದು, "ಬದುವಿನ ಗುಂಟ ಕಡಕೊಂಡ ಹಾದಿ ಮಾಡ್ಕೋರಿ" ಎಂದರು. ಟೋಳಿಯ ಮುಕಾದಮ ಕುಡುಗೋಲು ಎತ್ತಲಿಲ್ಲ. "ಈ ಹೊಲದ್ದ ಚೀಟಿ ಎಲ್ಲಿ ಐತ್ರಿ? ಚೀಟಿ ಇಲ್ಲದ್ದ ಕಡದ್ರ ಕಾಟಾದ ಮ್ಯಾಲ ಏರಸಂಗಿಲ್ಲ. ನನ್ನ ಕೂಲಿ ಯಾರ ಕೊಡ್ತಾರ?" ಎಂದ. ಅವನು ಹೇಳಿದ್ದೂ ಸರಿಯೇ. ಈ ಕಥೆಯಲ್ಲಿ ಎಲ್ಲರೂ ಹೇಳಿದ್ದು ಸರಿಯೇ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಚೀಟಿಯ ಆಯುಷ್ಯ ಮೂರು ದಿನ. ಟೋಳಿ ಜಾಲಿಯ ಗಿಡದ ಕೆಳಗೆ ರೊಟ್ಟಿ ತಿಂದು, ಎಲೆಯಡಿಕೆ ಹಾಕಿ, ಇನ್ನೊಬ್ಬರ ಹೊಲಕ್ಕೆ ಹೋಯಿತು. ನಾಲ್ಕನೆಯ ದಿನ ಕಂಪ್ಯೂಟರು ಚಿಗವ್ವನ ಹೆಸರಿನ ಮುಂದೆ, ರೈತರು ಕಬ್ಬು ಪೂರೈಸಲಿಲ್ಲ, ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡಿತು. ಅರ್ಜಿ ಕೊಟ್ಟರೆ ಇನ್ನೊಂದು ಚೀಟಿ ಸಿಗುತ್ತಿತ್ತು, ಒಂದೇ ಒಂದು. ಅದೂ ಹೋದರೆ ಆ ಹಂಗಾಮಿಗೆ ಚೀಟಿಯೇ ಇಲ್ಲ. ದಾರಿ ಆಗುವವರೆಗೆ ಅದನ್ನು ಕೇಳುವಂತಿರಲಿಲ್ಲ. ದಾರಿ ಆಗಬೇಕಾದರೆ ನೇಮಣ್ಣ ಕಾಕಾನ ಪಾಳಿ ಬರಬೇಕು. ಅದು ಬರುವುದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ಚಿಗವ್ವನ ಕಬ್ಬು ತುರಾಯಿ ಬಿಟ್ಟು, ಒಳಗೆ ಬೆಂಡಾಗಿ, ಒಲೆಗೆ ಹಾಕಲಷ್ಟೇ ಆಗುತ್ತಿತ್ತು. ಒಂದು ವರ್ಷಕ್ಕೂ ಮಿಕ್ಕಿದ ಅವಳ ದುಡಿಮೆ ಅಲ್ಲಿ ನಿಂತಿತ್ತು.

ನಾನು ಶೇತಕಿ ಸಾಹೇಬರ ಮುಂದೆ ಹೋಗಿ ನಿಂತೆ. ಒಳ್ಳೆಯ ಮನುಷ್ಯ, ಹೆದರುಪುಕ್ಕಲ. "ಶೋಭಾಬಾಯಿ, ಚೇರಮನ್ನರು ಊರ ಮುಂದ ಹೇಳ್ಯಾರ. ಲಿಸ್ಟಿನಾಗ ನಾ ಕೈ ಹಾಕಿದ್ರ ನಾಳೆ ನೂರ ಮಂದಿ ಬರ್ತಾರ. ಕಂಪ್ಯೂಟರ್ ಏನ್ ಹೇಳತೈತೋ ಅದ" ಎಂದರು.

"ಕಂಪ್ಯೂಟರ್ ಏನೂ ಹೇಳಂಗಿಲ್ರಿ ಸಾಹೇಬ್ರ. ನಾವ ತುಂಬಿದ್ದ ಅದು ತಿರಗಿ ಹೇಳತೈತಿ."

"ಹಂಗಾರ ಜೋಶಿಗ ಕೇಳ್ರಿ."

ಪುಣೆಗೆ ಟ್ರಂಕ್ ಕಾಲ್ ಹಚ್ಚಿ ಅರ್ಧ ದಿನ ಕಾದೆ. ನನ್ನ ಹರಕು ಮರಾಠಿಯಲ್ಲಿ, ಹೊಲದ ಹಿಂದೆ ಹೊಲ ಇರುತ್ತದೆ, ಯಾರ ಹಿಂದೆ ಯಾರಿದ್ದಾರೆ ಎಂದು ತುಂಬಲು ಒಂದು ಕಾಲಂ ಬೇಕು ಎಂದೆ. ಜೋಶಿ ತನ್ನ ಕಾಗದಗಳನ್ನು ತಿರುವಿಹಾಕಿ, "ರಸ್ತಾ? ರಸ್ತಾ ಸ್ಪೆಸಿಫಿಕೇಶನ್ ಮಧೇ ನಾಹೀ" ಎಂದ. ದಾರಿ ಎಂಬುದು ಒಪ್ಪಂದದ ಕಾಗದದಲ್ಲಿ ಇಲ್ಲವಂತೆ. ಮುಂದಿನ ಹಂಗಾಮಿಗೆ ನೋಡೋಣ, ಹೋಯೀಲ, ಹೋಯೀಲ. ನಾನು ಫೋನನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಟೆಲಿಫೋನಿನವನು ಬಂದು ನೋಡಿದ.

ಜನವರಿಯೆಲ್ಲ ಹೀಗೇ. ಚಿಗವ್ವ ಒಬ್ಬಳೇ ಅಲ್ಲ, ಹಿಂದಿನ ಹೊಲದವರೆಲ್ಲ ನನ್ನ ಕಿಟಕಿಗೆ ಬಂದು ಕೂಗಾಡುತ್ತಿದ್ದರು. ಕಾರ್ಖಾನೆಯವರಿಗೆಲ್ಲ ಒಂದೇ ಉತ್ತರ ಕಲಿಸಿದ್ದರು. ಕಾಟಾದವನು ಕಂಪ್ಯೂಟರ್ ಅನ್ನುತ್ತಿದ್ದ, ಸಾಹೇಬರು ಕಂಪ್ಯೂಟರ್ ಅನ್ನುತ್ತಿದ್ದರು, ಮಾರುತಿಯಂತೂ ಖುಷಿಯಿಂದ ಎರಡೂ ಕೈ ಮೇಲೆತ್ತಿ, "ನನ್ನ ಕೈಯಾಗ ಏನೈತ್ರಿ ಈಗ? ಎಲ್ಲಾ ಆ ತಣ್ಣನ ಕ್ವಾಣಿಯಾಗ ಐತಿ" ಎಂದು ನನ್ನ ಕಡೆ ಬೊಟ್ಟು ಮಾಡುತ್ತಿದ್ದ. ಕೆಲವು ಮುಂದಿನ ಹೊಲದವರಿಗೆ ಇದು ಚೆನ್ನಾಗಿಯೇ ಆಯಿತು. ಹಿಂದಿನವನ ಮೇಲೆ ಹಳೇ ಸಿಟ್ಟಿದ್ದವರು, ನನ್ನ ಪಾಳಿ ಬಂದಿಲ್ಲ, ನಾನೇನು ಮಾಡಲಿ ಎಂದು ಆರಾಮಾಗಿ ಕೂತರು. ಮೊದಲು ದಾರಿ ಕೊಡದವನು ಊರ ಕಣ್ಣಲ್ಲಿ ಸಣ್ಣವನಾಗುತ್ತಿದ್ದ. ಈಗ ಅವನು ಕಾಯಿದೆ ಪಾಲಿಸುವವನಾದ.

ಮನೆಯಲ್ಲಿ ಚಿಗವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ ಇಟ್ಟು, ತಟ್ಟೆ ಸರಿಸಿ ಎಮ್ಮೆಯ ಕಡೆ ಹೋಗುತ್ತಿದ್ದಳು. ಸಂಜೆ ಹೊಲಕ್ಕೆ ಹೋಗಿ ಒಂದು ಕಬ್ಬು ಮುರಿದು ತಂದು, ಗಣಿಕೆ ಕಚ್ಚಿ ನೋಡಿ, ಮೂಲೆಗೆ ಎಸೆಯುತ್ತಿದ್ದಳು. ದಿನಾ ಒಂದು ಕಬ್ಬು.

ಫೆಬ್ರುವರಿಯಲ್ಲಿ ಅವಳೂ ನೇಮಣ್ಣ ಕಾಕಾನೂ ಜೊತೆಯಾಗಿ ಆಫೀಸಿಗೆ ಬಂದರು. ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸಾಹೇಬರ ಎದುರು ಕೂತರು. "ಆಕೀ ಕಬ್ಬ ಮ್ಯಾಲಿಂದ ಒಣಗಾಕತ್ತೈತ್ರಿ. ನಂದ ಬದುವಿನ ಗುಂಟ ಒಂದ ನಾಕ ಸಾಲ ತಗೋರಿ. ರೊಕ್ಕ ಆಮ್ಯಾಲ ಕೊಡ್ರಿ, ಕೊಡದಿದ್ರೂ ನಡೀತೈತಿ."

"ಪಾಳಿ ಬಿಟ್ಟ ಒಂದ ಗಣಿಕಿ ತಗೊಂಡ್ರೂ ನನ್ನ ನೌಕರಿ ಹೋಗತೈತ್ರಿ ಅಣ್ಣಾರ."

"ಪಾಳಿ ಬಿಟ್ಟ ಯಾವದೂ ತಗೊಳ್ಳೂದ ಇಲ್ಲೇನ ಈ ಮಶೀನ?"

ಸಾಹೇಬರಿಗೂ ಸಾಕಾಗಿ ಹೋಗಿತ್ತು. ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾ, "ತಗೋತೈತ್ರಿ, ಸುಟ್ಟಿದ್ದ ಕಬ್ಬ ತಗೋತೈತಿ! ಬೆಂಕಿ ಬಿದ್ದದ್ದಕ್ಕ ಅವತ್ತ ಚೀಟಿ ಕೊಡತೈತಿ, ದರದಾಗ ಕಡಿತ ಮಾಡಿ. ಮತ್ತ ಯಾವದೂ ಇಲ್ಲ" ಎಂದರು. ಸುಟ್ಟ ಕಬ್ಬು ನಿಂತರೆ ಸಕ್ಕರೆ ಇಳಿಯುತ್ತದೆ ಎಂದು ಆ ಒಂದು ರಿಯಾಯಿತಿಯನ್ನು ಜೋಶಿ ಮರೆಯದೆ ಹಾಕಿದ್ದ. ನೇಮಣ್ಣ ಕಾಕಾ ಟೋಪಿ ಹಾಕಿಕೊಂಡು ಎದ್ದರು. ಸಾಹೇಬರು ಆಡಿದ್ದು ಸಿಟ್ಟಿನ ಮಾತೆಂದು ನಾನು ಅಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಕಾಕಾ ಚಿಗವ್ವನಿಗೆ, "ಗಂಗವ್ವಾ, ಮೋಟರ್ ಹಚ್ಚು, ನಿನ್ನ ಬದುವಿಗೆಲ್ಲಾ ನೀರ ಹಾಯ್ಸು" ಎಂದರಂತೆ. ಯಾಕೆಂದು ಹೇಳಲಿಲ್ಲ. ಗಾಳಿ ಇರಲಿಲ್ಲ. ಅವಳು ನೀರು ಹಾಯಿಸುತ್ತಿದ್ದಾಗ ಕಾಕಾನ ಹೊಲದೊಳಗಿಂದ ಡಬ್ಬಿ ಬಾರಿಸುವ ಸದ್ದು ಕೇಳಿತಂತೆ. ಹಂದಿ ಬಂದಿರಬೇಕು, ಓಡಿಸುತ್ತಿದ್ದಾರೆ ಎಂದುಕೊಂಡಳು. ಸದ್ದು ಸಾಲಿನಿಂದ ಸಾಲಿಗೆ ನಿಧಾನವಾಗಿ ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ ನಿಂತಿತು. ಆಮೇಲೆ ಹೊಗೆ.

ಬದುವಿನ ಪಟ್ಟಿಯಷ್ಟೇ ಸುಡಲೆಂದು ಅವರು ಎಣಿಸಿದ್ದರು. ಬೆಂಕಿ ಕೇಳಲಿಲ್ಲ, ಅರ್ಧ ಹೊಲ ಹೋಯಿತು. ಚಿಗವ್ವನ ಕಬ್ಬಿಗೆ ತಾಗಲಿಲ್ಲ.

ಮಧ್ಯಾಹ್ನದೊಳಗೆ ನೇಮಣ್ಣ ಕಾಕಾ ನನ್ನ ಕೋಣೆಯ ಬಾಗಿಲಲ್ಲಿದ್ದರು. ಧೋತರದ ತುಂಬ ಕರಿ, ಹುಬ್ಬು ಸುಟ್ಟಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದರು. ಆ ಸಿಹಿ ಸುಟ್ಟ ವಾಸನೆ ಅವರ ಜೊತೆ ಒಳಗೆ ಬಂತು. ಸಾಹೇಬರೂ ಓಡಿಬಂದರು. ನಾನು ಬೆಂಕಿಯ ಪುಟ ತೆರೆದೆ. ಹೆಸರು, ಹೊಲದ ನಂಬರು ತುಂಬಿದೆ. ಕಾರಣ ಎಂಬಲ್ಲಿ ಬಂದು ಅದು ನಿಂತಿತು. ಮೂರೇ ಕಾರಣ: ಕರೆಂಟಿನ ತಂತಿ, ಪಕ್ಕದ ಹೊಲದಿಂದ, ಗೊತ್ತಿಲ್ಲ.

"ಹೆಂಗ ಹತ್ತಿತ್ರಿ ಬೆಂಕಿ?" ಎಂದರು ಸಾಹೇಬರು.

"ನಾನ ಹಚ್ಚೇನ್ರಿ."

ಸಾಹೇಬರು ಬಾಗಿಲು ಮುಂದೆ ಮಾಡಿದರು. "ಅಣ್ಣಾರ, ಹಂಗ ಅನಬ್ಯಾಡ್ರಿ. ತಂತಿ ಹರದ ಬಿತ್ತ ಅನ್ರಿ. ಕೈ ಮುಗೀತೇನಿ, ಅಷ್ಟ ಅನ್ರಿ."

"ಡಬ್ಬಿ ಬಾರಿಸೇನ್ರಿ ಮೊದಲ. ಹಾವ, ಮುಂಗಲಿ, ಹಕ್ಕಿ ಎಲ್ಲಾ ಹ್ವಾದೂ. ಇರುವಿಗ ಎಲ್ಲಿ ಕೇಳತೈತಿ?" ಕಾಕಾ ತಮ್ಮ ಕೈಗಳನ್ನೇ ನೋಡುತ್ತಿದ್ದರು. "ಅದರ ಮ್ಯಾಲ ಸುಳ್ಳ ಒಂದ ಹೇಳಸಬ್ಯಾಡ್ರಿ ಸಾಹೇಬ್ರ. ಇವತ್ತಿನ ಪಾಪ ಅಷ್ಟ ಸಾಕಾಗೇತಿ."

ನಾನು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಇರುವೆ ಸಾಯುತ್ತದೆಂದು ರವದಿ ಸುಡದ ಮನುಷ್ಯನ ಕೈಗೆ ಬೆಂಕಿಕಡ್ಡಿ ಕೊಡಿಸಿ, ಈಗ ಅವನು ನಿಜ ಹೇಳಿದರೆ ಅದನ್ನು ಬರೆದುಕೊಳ್ಳಲು ಜಾಗವಿಲ್ಲ ಎನ್ನುವ ಆ ಪೆಟ್ಟಿಗೆಯನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆಯಬೇಕೆನಿಸಿತು. ಪರದೆಯ ಮೇಲೆ ಹಸಿರು ಗೀಟು ಮಿಣಮಿಣ ಎನ್ನುತ್ತಲೇ ಇತ್ತು. ಅಷ್ಟರಲ್ಲಿ ನನ್ನ ಭುಜದ ಪಕ್ಕದಿಂದ ಒಂದು ಕೈ ಬಂತು. ಕೀಲಿಮಣೆ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ದೂರ ನಿಲ್ಲುತ್ತಿದ್ದ ಸಾಹೇಬರು ಒಂದೇ ಬೆರಳಿನಿಂದ ಮೂರನೆಯ ಕಾರಣ ಒತ್ತಿದರು. ಗೊತ್ತಿಲ್ಲ. ಪ್ರಿಂಟರು ಕಿರ್ರೆಂದಿತು.

ಅವತ್ತೇ ಟೋಳಿ ಬಂತು. ಸುಟ್ಟ ಕಬ್ಬು ಹೋಯಿತು, ದಾರಿ ಆಯಿತು. ಚಿಗವ್ವ ಉಳಿಸಿಕೊಂಡಿದ್ದ ಎರಡನೆಯ ಚೀಟಿ ಕೇಳಿದಳು. ಅವಳ ಕಬ್ಬು ಕರಿ ಬೂದಿಯ ಮೇಲೆ ಗಾಡಿಯಲ್ಲಿ ಹಾದು, ತುಸು ತೂಕ ಕಳೆದುಕೊಂಡು, ಕಾರ್ಖಾನೆ ಸೇರಿತು. ನೇಮಣ್ಣ ಕಾಕಾ ಬಸದಿಗೆ ಹೋಗಿ ಉಪವಾಸ ಕೂತರು. ಚಿಗವ್ವ ಆ ದಿನ ಒಲೆ ಹೊತ್ತಿಸಲಿಲ್ಲ. ನಾವಿಬ್ಬರೂ ಹಿಂದಿನ ದಿನದ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿಂದೆವು. ಕಡಿತದ ನಷ್ಟ ತಾನು ತುಂಬುತ್ತೇನೆಂದು ಅವಳು ಎಷ್ಟು ಸಲ ಹೋದರೂ ಕಾಕಾ, "ಹಾದಿ ಕೊಡೂದು ನನ್ನ ಕೆಲಸ ಇತ್ತವ್ವಾ" ಎಂದಷ್ಟೇ ಹೇಳಿ ಕಳಿಸಿದರು.

ಮುಂದಿನ ಹಂಗಾಮಿಗೆ ಮೊದಲು ಜೋಶಿ ಹೊಸ ಫ್ಲಾಪಿ ಹಿಡಿದು ಬಂದ. ನಿಮ್ಮ ಬೆಂಕಿಯ ಸಮಸ್ಯೆ ಚೇರಮನ್ನರಿಂದ ತಿಳಿಯಿತು, ಬಗೆಹರಿಸಿದ್ದೇನೆ ಎಂದು ಹೆಮ್ಮೆಯಿಂದ ಪುಟ ತೆರೆದು ತೋರಿಸಿದ. ನಾಲ್ಕನೆಯ ಕಾರಣ ಬಂದಿತ್ತು: ರೈತ ತಾನೇ ಹಚ್ಚಿದ್ದು. ಒತ್ತಿದರೆ ಎರಡು ಪಟ್ಟು ಕಡಿತ. "ಆಣಿ ರಸ್ತಾ?" ಎಂದೆ, ದಾರಿಯ ಕಾಲಂ ಎಲ್ಲಿ ಎಂದು. ಹೋಯೀಲ, ಹೋಯೀಲ. ಆ ದಿನ ನಾನು ಜೋಶಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮರಾಠಿ ಸಾಲದೆ ಕನ್ನಡದಲ್ಲೇ ಅಂದೆ. ಅವನಿಗೆ ಪೂರ್ತಿ ಅರ್ಥವಾಯಿತು.

ನೇಮಣ್ಣ ಕಾಕಾ ಜೋಶಿಗಾಗಿ ಕಾಯಲಿಲ್ಲ. ಆ ವರ್ಷ ನಾಟಿ ಮಾಡುವಾಗ ಬದುವಿನ ಗುಂಟ ಗಾಡಿ ಅಗಲದಷ್ಟು ನೆಲವನ್ನು ಬಿತ್ತದೆ ಬಿಟ್ಟರು. ನಾನು ಮದುವೆಯಾಗಿ ಕೆಲಸ ಬಿಟ್ಟು ರಾಯಬಾಗಕ್ಕೆ ಹೋಗುವವರೆಗೂ ಅದು ಹಾಗೇ ಇತ್ತು. ಆದರೆ ಕಂಪ್ಯೂಟರಿನಲ್ಲಿ ಅವರ ಹೊಲ ಪೂರ್ತಿಯೇ ನಿಂತಿತ್ತು. ಹೀಗಾಗಿ ಪ್ರತಿ ಹಂಗಾಮು ಮುಗಿದ ಮೇಲೆ ಅವರಿಗೊಂದು ನೋಟೀಸು: ನೋಂದಾಯಿಸಿದ ಕ್ಷೇತ್ರಕ್ಕಿಂತ ಕಬ್ಬು ಕಡಿಮೆ ಬಂದಿದೆ, ಗಡಿಯಾಚೆ ಮಹಾರಾಷ್ಟ್ರದ ಕಾರ್ಖಾನೆಗೆ ಹಾಕಿದ್ದೀರಾ, ಕಾರಣ ತಿಳಿಸಿ. ಅದನ್ನು ಪ್ರಿಂಟು ಮಾಡಿ ಕಳಿಸುವ ಕೆಲಸ ನನ್ನದೇ ಆಗಿತ್ತು.

ಕಳೆದ ತಿಂಗಳು ಜುಗೂಳದಲ್ಲಿ ಇಳಿದವಳು ಚಿಗವ್ವನ ಜೊತೆ ಹೊಲಕ್ಕೆ ಹೋದೆ. ಈಗ ಅವಳ ಕೈಯಲ್ಲಿ ಕೋಲು ಬಂದಿದೆ, ಮಾತಿನಲ್ಲಿ ಮೊದಲಿನ ಖಾರವೇ ಇದೆ. ನೇಮಣ್ಣ ಕಾಕಾ ತೀರಿಹೋಗಿ ಎಷ್ಟೋ ವರ್ಷವಾಯಿತು. ಅವರ ಸೊಸೆ ಬದುವಿನ ಗುಂಟದ ಅದೇ ಗಾಡಿದಾರಿಯಲ್ಲಿದ್ದಳು. ನನ್ನನ್ನು ಕಂಡು, "ಅಕ್ಕಾರ, ಫ್ಯಾಕ್ಟರಿದ ಏನೋ ಬಂದೈತಿ, ನೋಡ್ರಿ" ಎಂದು ಮೊಬೈಲ್ ಚಾಚಿದಳು. ಓದಿದೆ. ಶ್ರೀ ನೇಮಣ್ಣ ಅವರೇ, ನೋಂದಾಯಿತ ಕ್ಷೇತ್ರಕ್ಕಿಂತ ಕಬ್ಬು ಕಡಿಮೆ ಬಂದಿದೆ. ಕಾರಣ ತಿಳಿಸಿ.

"ಏನಂತೈತಿ ಅದು?" ಚಿಗವ್ವ ಕೇಳಿದಳು.

"ಕಬ್ಬ ಯಾಕ ಕಡಿಮಿ ಬಂತು, ಕಾರಣ ಹೇಳ್ರಿ ಅಂತೈತಿ, ಚಿಗವ್ವಾ."

ಅವಳು ಕೋಲಿನಿಂದ ಕಾಲ ಕೆಳಗಿನ ನೆಲವನ್ನು ಕುಟ್ಟಿದಳು. "ಕಾರಣದ ಮ್ಯಾಲನ ನಿಂತೀವಲ್ಲ ಬೇ. ಇನ್ನೇನ ಹೇಳೂದು?"

ಹಿಂದಿನಿಂದ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ನಾವು ಮೂವರೂ ಕಬ್ಬಿನ ಕಡೆ ಸರಿದು ನಿಂತೆವು. ಚಿಗವ್ವನ ಕಬ್ಬು ತುಂಬಿದ ಟ್ರೇಲರು ನಮ್ಮನ್ನು ದಾಟಿ ರಸ್ತೆಯ ಕಡೆ ಹೋಯಿತು.